ಬೈಕ್ ಎಂಜಿನ್ ಕೂರಿಸಿದ ಕಿಟ್ ಕಾರು: ಕೂಲಂಟ್ ಬಿಸಿಯ ಲೆಕ್ಕ ಸರಿಯಾಗಿ ಸಿಗುವುದು ಹೇಗೆ?

ಲೋಟಸ್ ಸೆವೆನ್ ಮಾದರಿಯ ಹಗುರ ಚಾಸಿಗೆ ಹಯಬುಸಾ, ಆರ್1, ಫೈರ್‌ಬ್ಲೇಡ್‌ನಂಥ ಬೈಕ್ ಎಂಜಿನ್ ಕೂರಿಸಿ ತಾವೇ ಕಾರು ಕಟ್ಟುವವರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವದ ಬಿಸಿಯ ಕುರಿತೇ ಇದ್ದವು. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೈಕಿನ ಮೂಲ ಮೀಟರ್ ಕನ್ಸೋಲನ್ನೇ ಡ್ಯಾಶ್‌ಬೋರ್ಡಿಗೆ ಹಾಕಿದ್ದೇನೆ. ಅದರಲ್ಲಿ ಕೂಲಂಟ್ ತಾಪ ಅಂಕಿಯಲ್ಲಿ ಬರುತ್ತದೆ. ಬೇರೆ ಮೀಟರ್ ಬೇಕೇ?

ಅಂಕಿ ನಂಬಬಹುದು, ಎಚ್ಚರಿಕೆ ದೀಪವನ್ನು ನಂಬಿ ಕೂರಬೇಡಿ. ಅಂಕಿ ಬರುವುದು ಎಂಜಿನ್ನಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಓದುವ ಸೆನ್ಸರಿನಿಂದ. ಅದನ್ನು ತಯಾರಕರು ಸರಿಯಾದ ಜಾಗದಲ್ಲೇ ಇಟ್ಟಿರುತ್ತಾರೆ. ಆದರೆ ಎಚ್ಚರಿಕೆಯ ಮಿತಿ ಬೈಕಿಗೆಂದು ನಿಗದಿಯಾದದ್ದು. ಹಲವು ಬೈಕ್‌ಗಳಲ್ಲಿ ಫ್ಯಾನ್ ತಿರುಗುವುದೇ 105 ಡಿಗ್ರಿಯ ಆಸುಪಾಸಿನಲ್ಲಿ, ಕೆಂಪು ದೀಪ ಹತ್ತುವುದು 115ರಿಂದ 120ರ ನಡುವೆ. ಮುಂದಿನ ಚಕ್ರದ ಹಿಂದೆಯೇ ರೇಡಿಯೇಟರ್, ಅರ್ಧ ಮೀಟರ್ ಹೋಸ್ ಇರುವ ಬೈಕಿಗೆ ಅದು ನಡೆಯುತ್ತದೆ.

ಕಾರಿನಲ್ಲಿ ಎಂಜಿನ್ ಎಳೆಯಬೇಕಾದ ತೂಕ ದುಪ್ಪಟ್ಟು ಮೀರುತ್ತದೆ, ಹೋಸ್ ಉದ್ದವಾಗುತ್ತದೆ, ಜೋಡಣೆಗಳು ಹೆಚ್ಚುತ್ತವೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಇರುವ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. 1.1 ಬಾರ್ ಮುಚ್ಚಳ ಸರಿಯಾಗಿ ಒತ್ತಡ ಹಿಡಿದರೆ ಮಾತ್ರ ಕುದಿಬಿಂದು 125 ಡಿಗ್ರಿ ದಾಟುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ, ಎಲ್ಲೋ ಒಂದು ಕ್ಲಿಪ್ ಸಣ್ಣಗೆ ಜಿನುಗುತ್ತಿದ್ದರೆ, ಕೆಂಪು ದೀಪ ಹತ್ತುವ ಮೊದಲೇ ಹೆಡ್ಡಿನೊಳಗೆ (ಎಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್) ಕುದಿತ ಶುರುವಾಗಿರುತ್ತದೆ. ಆದ್ದರಿಂದ ಕನ್ಸೋಲ್ ಇರಲಿ, ಜೊತೆಗೆ 105 ಡಿಗ್ರಿಗೆ ಹತ್ತುವ ಪ್ರತ್ಯೇಕ ದೀಪವೊಂದನ್ನು ಹಾಕಿ. ಹೆಲ್ಮೆಟ್ ತೊಟ್ಟು ಬೈಕ್ ಎಂಜಿನ್ ಸದ್ದಿನಲ್ಲಿ ಓಡಿಸುವಾಗ ಬಜರ್ ಕೇಳಿಸುವುದಿಲ್ಲ. ಕಣ್ಣಿಗೆ ನೇರ ಬೀಳುವ ಕಡೆ, ಬಿಸಿಲಿನಲ್ಲೂ ಕಾಣುವಷ್ಟು ಪ್ರಖರವಾದ ದೀಪ ಬೇಕು.

ಪ್ರಶ್ನೆ: ಮೇಲಿನ ಹೋಸಿಗೆ ಅಲ್ಯೂಮಿನಿಯಂ ಅಡಾಪ್ಟರ್ ಕೂರಿಸಿ ಅದರಲ್ಲಿ ಸೆಂಡರ್ (ಮುಳ್ಳಿನ ಮೀಟರಿಗೆ ತಾಪ ತಿಳಿಸುವ ಸೆನ್ಸರ್) ಹಾಕಿದ್ದೇನೆ. ಮುಳ್ಳು 80 ದಾಟುವುದೇ ಇಲ್ಲ. ಆದರೂ ಓವರ್‌ಫ್ಲೋ ಬಾಟಲಿಯಲ್ಲಿ ಕೂಲಂಟ್ ಕುದಿದು ಉಕ್ಕಿತು. ಫ್ಯಾನ್ ಹತ್ತಿದಾಗ ಮುಳ್ಳು ಇನ್ನೂ ಕೆಳಗಿಳಿಯುತ್ತದೆ. ಮೀಟರ್ ಕೆಟ್ಟಿದೆಯೇ?

ಮೀಟರಿಗಿಂತ ಮೊದಲು ಅರ್ತ್ ಮೇಲೆ, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿಯ ಮೇಲೆ ಅನುಮಾನಪಡಿ. ನೀವು ಬರೆದ ಲಕ್ಷಣಗಳೆಲ್ಲ ಅದನ್ನೇ ಹೇಳುತ್ತಿವೆ.

ಒಂದೇ ವೈರಿನ ಸೆಂಡರ್ ತನ್ನ ಲೋಹದ ಮೈಯ ಮೂಲಕವೇ ಅರ್ತ್ ಪಡೆಯಬೇಕು. ಎಂಜಿನ್ನಿಗೆ ನೇರ ತಿರುಗಿಸಿದ್ದರೆ ತಾನಾಗಿ ಸಿಗುತ್ತದೆ. ಹೋಸ್ ಅಡಾಪ್ಟರಿನ ಎರಡೂ ಕಡೆ ಇರುವುದು ರಬ್ಬರ್ ಅಥವಾ ಸಿಲಿಕೋನ್. ಅರ್ತ್ ವೈರ್ ಎಳೆಯದಿದ್ದರೆ ಕರೆಂಟಿಗೆ ಉಳಿಯುವ ದಾರಿ ಕೂಲಂಟ್ ಮಾತ್ರ, ಮತ್ತು ಅದು ತೀರಾ ಕಳಪೆ ದಾರಿ. ವೈರ್ ಎಳೆದಿದ್ದರೂ ಪೇಂಟ್ ಬಳಿದ ಚಾಸಿಗೆ ಸ್ಕ್ರೂ ಮಾಡಿದ್ದರೆ, ಸೆಂಡರ್ ಥ್ರೆಡ್ಡಿಗೆ ಬಿಳಿ ಟೇಪನ್ನು ನಾಲ್ಕೈದು ಸುತ್ತು ಬಿಗಿದಿದ್ದರೆ ಅದೇ ತೊಂದರೆ.

ಇದು ಯಾಕೆ ಅಪಾಯ ಅಂದರೆ, ಈ ಸೆಂಡರುಗಳಲ್ಲಿ ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುತ್ತದೆ. ಅರ್ತ್ ಕೆಟ್ಟಾಗ ಸೇರುವ ಪ್ರತಿ ಓಮ್ ಮೀಟರಿಗೆ ತಂಪಿನಂತೆ ಕಾಣುತ್ತದೆ. ವಿಡಿಓ ಕಂಪನಿಯ 120 ಡಿಗ್ರಿ ಮೀಟರಿಗೆ ಹೊಂದುವ ಸೆಂಡರನ್ನೇ ನೋಡಿ: 90 ಡಿಗ್ರಿಗೆ ಸುಮಾರು 51 ಓಮ್, 100ಕ್ಕೆ 38, 120ಕ್ಕೆ 22. ಎಂಜಿನ್ ನಿಜಕ್ಕೂ 120ರಲ್ಲಿ ಕುದಿಯುತ್ತಿದೆ, ಅರ್ತ್ ದಾರಿಯಲ್ಲಿ ಬರೀ 16 ಓಮ್ ಸೇರಿಕೊಂಡಿದೆ ಅಂದುಕೊಳ್ಳಿ. ಒಟ್ಟು 38 ಆಯಿತು, ಮೀಟರ್ 100 ತೋರಿಸುತ್ತದೆ. ತುಕ್ಕು ಹಿಡಿದ ಒಂದು ವಾಷರ್ 20 ಡಿಗ್ರಿ ಮುಚ್ಚಿಟ್ಟಂತಾಯಿತು.

ಫ್ಯಾನ್ ಹತ್ತಿದಾಗ ಮುಳ್ಳು ಇಳಿಯುವುದಕ್ಕೆ ಎರಡು ಕಾರಣ ಇರಬಹುದು. ನೀರು ನಿಜವಾಗಿ ತಣಿದರೆ ಮುಳ್ಳು ನಿಧಾನವಾಗಿ ಇಳಿಯುತ್ತದೆ. ಫ್ಯಾನ್ ಹತ್ತಿದ ಕ್ಷಣದಲ್ಲೇ ಜಗ್ಗಿದರೆ, ಫ್ಯಾನ್ ಮತ್ತು ಸೆಂಡರ್ ಒಂದೇ ಅರ್ತ್ ಬೋಲ್ಟ್ ಹಂಚಿಕೊಂಡಿವೆ ಎಂದೇ ಅರ್ಥ. ಹತ್ತು ಹದಿನೈದು ಆಂಪ್ ಅದೇ ಬೋಲ್ಟಿನ ಮೂಲಕ ಹರಿದಾಗ ಸೆಂಡರಿನ ಮೈಯ ವೋಲ್ಟೇಜ್ ಮೇಲೇಳುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಓಡಲಿ, ಫ್ಯಾನ್ ತಿರುಗಲಿ, ಹೆಡ್‌ಲೈಟ್ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಕೆಂಪು ಮೊನೆಯನ್ನು ಸೆಂಡರಿನ ಷಡ್ಭುಜದ ಮೈಗೆ, ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒತ್ತಿ ಹಿಡಿಯಿರಿ. 0.05 ವೋಲ್ಟಿಗಿಂತ ಕಡಿಮೆ ಇದ್ದರೆ ಸರಿ. 0.1 ದಾಟಿದರೆ ಅರ್ತ್ ಹೊಸದಾಗಿ ಮಾಡಿ: ಅಡಾಪ್ಟರಿನ ಮೈಗೇ ಒಂದು ಎಂ5 ಸ್ಕ್ರೂ, ಅಲ್ಲಿಂದ 1.5 ಚದರ ಮಿ.ಮೀ. ವೈರ್, ಇನ್ನೊಂದು ತುದಿ ಮೀಟರಿನ ಅರ್ತ್ ಇರುವ ಬಿಂದುವಿಗೇ. ಫ್ಯಾನಿನ ಅರ್ತನ್ನು ಬೇರೆ ಎಳೆದು ನೇರ ಬ್ಯಾಟರಿ ನೆಗೆಟಿವ್‌ಗೆ ಕೊಡಿ. ಥ್ರೆಡ್ಡಿಗೆ ಟೇಪ್ ಬದಲು ದ್ರವ ಸೀಲಂಟ್ ಅನ್ನು ಕೊನೆಯ ಎರಡು ಮೂರು ಸುತ್ತಿಗೆ ಮಾತ್ರ ಸವರಿ. ಎರಡು ಪಿನ್ನಿನ ಸೆಂಡರ್ ಸಿಕ್ಕರೆ ಅದೇ ಮೇಲು, ಈ ರಗಳೆಯೇ ಇರುವುದಿಲ್ಲ.

ಇನ್ನೊಂದು ಮಾತು. ಸೆಂಡರ್ ಒಂದು ಕಂಪನಿಯದು, ಮೀಟರ್ ಇನ್ನೊಂದರದು ಆಗಿದ್ದರೆ ಅರ್ತ್ ಎಷ್ಟೇ ಚೆನ್ನಾಗಿದ್ದರೂ ಅಂಕಿ ತಪ್ಪುತ್ತದೆ. ಥ್ರೆಡ್ ಹೊಂದಿತು ಎಂಬ ಒಂದೇ ಕಾರಣಕ್ಕೆ ಸೆಂಡರ್ ಕೊಳ್ಳಬೇಡಿ. ಮೀಟರಿನ ಜೊತೆ ಬರುವ ಓಮ್ ಪಟ್ಟಿ ಹೊಂದಬೇಕು.

ಪ್ರಶ್ನೆ: ಇನ್ನೊಂದು ಸೆಂಡರ್ ಯಾಕೆ? ಇಸಿಯು ಸೆನ್ಸರಿನ ವೈರಿನಿಂದಲೇ ಕವಲು ತೆಗೆದು ಮುಳ್ಳಿನ ಮೀಟರಿಗೆ ಕೊಡಬಹುದಲ್ಲವೇ?

ಖಂಡಿತ ಬೇಡ. ಇಸಿಯು ಆ ಸೆನ್ಸರನ್ನು ಒಳಗಿನ ರೆಸಿಸ್ಟರ್ ಮೂಲಕ 5 ವೋಲ್ಟಿನಲ್ಲಿ ಓದುತ್ತದೆ. ಮುಳ್ಳಿನ ಮೀಟರ್ 12 ವೋಲ್ಟಿನದು. ಎರಡನ್ನೂ ಸೇರಿಸಿದರೆ ವೋಲ್ಟೇಜ್ ಏರಿ, ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು ತಿಳಿಯುತ್ತದೆ. ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಫ್ಯಾನ್ ಇಸಿಯು ಕೈಯಲ್ಲಿದ್ದರೆ ಅದೂ ಹತ್ತುವುದಿಲ್ಲ. ಮೀಟರಿಗೂ ಲಾಭವಿಲ್ಲ. ಜಪಾನಿ ಬೈಕ್‌ಗಳ ಸೆನ್ಸರ್ 80 ಡಿಗ್ರಿಗೆ ಸುಮಾರು 320 ಓಮ್ ಇರುತ್ತದೆ, ಮೇಲೆ ಹೇಳಿದ ವಿಡಿಓ ಮೀಟರಿನ ಮಟ್ಟಿಗೆ ಅದು 40ಕ್ಕೂ ಕೆಳಗೆ.

ಪ್ರಶ್ನೆ: ಸೆಂಡರಿಗೆ ಸರಿಯಾದ ಜಾಗ ಯಾವುದು?

ಹೆಡ್ಡಿನಿಂದ ನೀರು ಹೊರಬರುವ ಕಡೆ, ಥರ್ಮೋಸ್ಟಾಟಿಗಿಂತ (ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ಬಿಡುವ ಕವಾಟ) ಮೊದಲು. ಮೇಲಿನ ಹೋಸಿನ ಅಡಾಪ್ಟರ್ ಸುಲಭವಾದರೂ ಹೆಚ್ಚಿನ ಎಂಜಿನ್‌ಗಳಲ್ಲಿ ಅದು ಥರ್ಮೋಸ್ಟಾಟ್ ದಾಟಿದ ಮೇಲಿನ ಜಾಗ. ಥರ್ಮೋಸ್ಟಾಟ್ ತೆರೆಯುವವರೆಗೆ ಅಲ್ಲಿ ನೀರು ನಿಂತೇ ಇರುತ್ತದೆ. ಮುಳ್ಳು 40ರಲ್ಲಿ ಕೂತಿದ್ದು ಒಮ್ಮೆಲೇ 80ಕ್ಕೆ ಜಿಗಿಯುತ್ತದೆ. ಅದರಿಂದ ಕೆಡುಕಿಲ್ಲ. ಥರ್ಮೋಸ್ಟಾಟ್ ಮುಚ್ಚಿಯೇ ಸಿಕ್ಕಿಕೊಂಡಾಗ ಮಾತ್ರ ಕೆಡುಕು: ಹೆಡ್ ಕುದಿಯುತ್ತಿರುತ್ತದೆ, ಹೋಸಿನ ಸೆಂಡರ್ ತಣ್ಣಗೆ 40 ಎನ್ನುತ್ತದೆ.

ಥರ್ಮೋಸ್ಟಾಟ್ ಹೌಸಿಂಗಿನ ಎಂಜಿನ್ ಕಡೆಯ ಗೋಡೆ ದಪ್ಪಗಿದ್ದರೆ ಅಲ್ಲೇ ಕೊರೆಯಬಹುದು. ಎಂ10×1 ಥ್ರೆಡ್ಡಿಗೆ 9 ಮಿ.ಮೀ. ಡ್ರಿಲ್. ಗೋಡೆ 5 ಮಿ.ಮೀ.ಗಿಂತ ತೆಳುವಿದ್ದರೆ ಕೊರೆಯಬೇಡಿ, ಥ್ರೆಡ್ ಹಿಡಿಯುವಷ್ಟು ದಪ್ಪದ ಅಲ್ಯೂಮಿನಿಯಂ ಗುಬುಟನ್ನು ಹೊರಗಿನಿಂದ ವೆಲ್ಡ್ ಮಾಡಿಸಿ. ಹೌಸಿಂಗನ್ನು ಬಿಚ್ಚಿ ಹೊರಗಿಟ್ಟೇ ಕೊರೆಯಿರಿ, ಲೋಹದ ಚೂರು ಒಳಗೆ ಬಿದ್ದರೆ ನೀರಿನ ಪಂಪಿನ ಸೀಲಿಗೆ ಕಂಟಕ. ಸೆಂಡರಿನ ತುದಿ ಹರಿಯುವ ನೀರಿನಲ್ಲಿ ಮುಳುಗಿರಬೇಕು. ಮೂರು ನಾಲ್ಕು ವಾಷರ್ ಪೇರಿಸಿ ತುದಿಯನ್ನು ರಂಧ್ರದೊಳಗೇ ಉಳಿಸಿದರೆ ಅದು ಲೋಹದ ಬಿಸಿ ಓದುತ್ತದೆ, ನೀರಿನದಲ್ಲ.

ಪ್ರಶ್ನೆ: ಕಾರಿಗೆ ಹಾಕುವ ಮೊದಲೇ ಸೆಂಡರ್ ಪರೀಕ್ಷಿಸುವುದು ಹೇಗೆ?

ಒಂದು ಪಾತ್ರೆ ನೀರು, ಒಲೆ, ನಂಬಬಹುದಾದ ಥರ್ಮಾಮೀಟರ್, ಮಲ್ಟಿಮೀಟರ್ ಸಾಕು. ಸೆಂಡರನ್ನು ವೈರಿನಿಂದ ತೂಗುಬಿಡಿ, ತಳಕ್ಕೆ ತಾಗಬಾರದು. ಥರ್ಮಾಮೀಟರ್ ಅದರ ಪಕ್ಕದಲ್ಲೇ ಇರಲಿ. ಸಣ್ಣ ಉರಿಯಲ್ಲಿ ಕಾಯಿಸುತ್ತ, ಕಲಕುತ್ತ, ಪ್ರತಿ 10 ಡಿಗ್ರಿಗೆ ಓಮ್ ಬರೆದುಕೊಳ್ಳಿ. ಒಲೆ ಆರಿಸಿ ಇಳಿಯುವಾಗಲೂ ಬರೆದರೆ ಇನ್ನೂ ಒಳ್ಳೆಯದು, ಎರಡರ ಸರಾಸರಿ ನಿಜಕ್ಕೆ ಹತ್ತಿರ. ಆಮೇಲೆ ಅದೇ ಪಾತ್ರೆಯಲ್ಲಿ ಸೆಂಡರನ್ನು ಮೀಟರಿಗೆ ಜೋಡಿಸಿ, 12 ವೋಲ್ಟ್ ಕೊಟ್ಟು, ಮುಳ್ಳಿನ ಅಂಕಿ ಹೊಂದುತ್ತದೆಯೇ ನೋಡಿ. ಕುದಿಯುವ ನೀರು ಎಲ್ಲೆಡೆ 100 ಡಿಗ್ರಿ ಅಲ್ಲ: ಸಮುದ್ರಮಟ್ಟದಿಂದ 300 ಮೀಟರ್ ಏರಿದರೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಥರ್ಮೋಸ್ಟಾಟನ್ನೂ ಅದೇ ನೀರಿಗೆ ಇಳಿಸಿ, ಅದು ಯಾವಾಗ ಬಾಯಿ ತೆರೆಯುತ್ತದೆ ಎಂಬುದೂ ಗೊತ್ತಾಗಲಿ. ಬೈಕ್ ಥರ್ಮೋಸ್ಟಾಟುಗಳು ಸಾಮಾನ್ಯವಾಗಿ 70ರ ಮೇಲೆ ತೆರೆಯತೊಡಗಿ 85ರಿಂದ 90ರ ಹೊತ್ತಿಗೆ ಪೂರ್ತಿ ತೆರೆದಿರುತ್ತವೆ.

ಪ್ರಶ್ನೆ: ಕಾರಿನ ರೇಡಿಯೇಟರ್ ಹಾಕಿದ್ದೇನೆ, ಅದರಲ್ಲಿ ಫ್ಯಾನ್ ಸ್ವಿಚ್ಚಿಗೆ ಜಾಗ ಇದೆ. ಎಷ್ಟು ಡಿಗ್ರಿಯ ಸ್ವಿಚ್ ಹಾಕಲಿ?

ಆ ಜಾಗ ರೇಡಿಯೇಟರಿನ ಯಾವ ಕಡೆ ಇದೆ ಎಂಬುದನ್ನು ಮೊದಲು ನೋಡಿ. ಬಿಸಿ ನೀರು ಒಳಬರುವ ತೊಟ್ಟಿಯಲ್ಲಿದ್ದರೆ 95ರ ಆಸುಪಾಸಿನದು ಸಾಕು. ತಣಿದು ಹೊರಹೋಗುವ ಕಡೆ ಇದ್ದರೆ, ಅಲ್ಲಿ 95 ಆಗುವ ಹೊತ್ತಿಗೆ ಹೆಡ್ಡಿನಲ್ಲಿ 105 ದಾಟಿರಬಹುದು. ಅಲ್ಲಿ 82ರಿಂದ 88ರ ನಡುವೆ ಹತ್ತುವಂಥದು ಬೇಕು. ಹತ್ತುವ ಮತ್ತು ಆರುವ ಅಂಕಿಗಳ ನಡುವೆ ಕನಿಷ್ಠ 5 ಡಿಗ್ರಿ ಅಂತರ ಇರಬೇಕು. ಆರುವ ಅಂಕಿ ಥರ್ಮೋಸ್ಟಾಟ್ ತೆರೆಯುವ ಅಂಕಿಗಿಂತ ಕೆಳಗಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತಲೇ ಇರುತ್ತದೆ.

ಸ್ವಿಚ್ ಮೂಲಕ ಫ್ಯಾನಿನ ಪೂರ್ತಿ ಕರೆಂಟ್ ಹಾಯಿಸಬೇಡಿ. 30 ಆಂಪ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್) ಹಾಕಿ: 30ನೇ ಪಿನ್ನಿಗೆ 20 ಆಂಪ್ ಫ್ಯೂಸ್ ದಾಟಿ ಬ್ಯಾಟರಿ, 87ಕ್ಕೆ ಫ್ಯಾನ್, 86ಕ್ಕೆ ಕೀ ಹಾಕಿದಾಗ ಬರುವ 12 ವೋಲ್ಟ್, 85ರಿಂದ ಥರ್ಮೋ ಸ್ವಿಚ್ ಮೂಲಕ ಅರ್ತ್. ಫ್ಯಾನ್ ವೈರ್ 2.5 ಚದರ ಮಿ.ಮೀ. ಇರಲಿ. ಡ್ಯಾಶಿನಲ್ಲಿ ಒಂದು ಮಾಮೂಲಿ ಸ್ವಿಚ್ ಇಟ್ಟು ಅದನ್ನೂ 85ರಿಂದ ಅರ್ತಿಗೆ ಕೊಡಿ. ಥರ್ಮೋ ಸ್ವಿಚ್ ಕೈಕೊಟ್ಟ ದಿನ ಅದೇ ಗತಿ. ಫ್ಯಾನ್ ತಿರುಗುವ ದಿಕ್ಕನ್ನು ಒಂದು ಕಾಗದ ಹಿಡಿದು ನೋಡಿ. ವೈರ್ ಅದಲುಬದಲಾಗಿ, ಎದುರು ಗಾಳಿಗೆ ಅಡ್ಡ ಊದುವ ಫ್ಯಾನ್ ಅಪರೂಪವೇನಲ್ಲ.

ಬೈಕ್ ಚಾರ್ಜಿಂಗ್ ಕಾಯಿಲಿನ ಮಿತಿಯೂ ನೆನಪಿರಲಿ. ಐಡಲ್‌ನಲ್ಲಿ ಅದು ಕೊಡುವುದು ಪೂರ್ತಿ ಸಾಮರ್ಥ್ಯದ ಒಂದು ಭಾಗ ಮಾತ್ರ. ಫ್ಯಾನಿಗೆ 12 ಆಂಪ್, ಎರಡು 55 ವ್ಯಾಟ್ ಹೆಡ್‌ಲೈಟಿಗೆ ಇನ್ನೊಂದು 9 ಆಂಪ್ ಹೋದರೆ, ಸಂದಣಿಯಲ್ಲಿ ನಿಂತಾಗ ಬ್ಯಾಟರಿ ಇಳಿಯುತ್ತದೆ. ವೋಲ್ಟೇಜ್ ಇಳಿದಾಗ ಫ್ಯಾನೂ ಸೋಲುತ್ತದೆ, ಬಿಸಿ ಏರುತ್ತದೆ. ತಾಪದ ಮೀಟರ್ ಪಕ್ಕ ವೋಲ್ಟ್ ಮೀಟರ್ ಇರಬೇಕೆನ್ನುವುದು ಅದಕ್ಕೇ.

ಪ್ರಶ್ನೆ: ಮುಳ್ಳು ಇದ್ದಕ್ಕಿದ್ದಂತೆ 110ಕ್ಕೆ ಏರಿ, ಅರ್ಧ ನಿಮಿಷದಲ್ಲಿ 80ಕ್ಕೆ ಇಳಿಯುತ್ತದೆ. ಮತ್ತೆ ಹಾಗೇ.

ಒಳಗೆ ಗಾಳಿ ಸೇರಿದೆ. ಹಬೆ ಸೆಂಡರನ್ನು ಹಾದುಹೋದಾಗ ಮುಳ್ಳು ಕುಣಿಯುತ್ತದೆ. ಬೈಕಿನಲ್ಲಿ ನೀರು ತುಂಬುವ ಬಾಯಿ ಇಡೀ ವ್ಯವಸ್ಥೆಯಲ್ಲೇ ಎತ್ತರದಲ್ಲಿರುತ್ತದೆ. ಕಿಟ್ ಕಾರಿನಲ್ಲಿ ರೇಡಿಯೇಟರ್ ಮೂತಿಯೊಳಗೆ ತಗ್ಗಿನಲ್ಲಿ ಕೂತು, ಹೆಡ್ ಮೇಲೆ ಉಳಿದು, ಗಾಳಿ ಹೆಡ್ಡಿನಲ್ಲೇ ಸೇರುತ್ತದೆ. ಶಾಶ್ವತ ಪರಿಹಾರ ಹೆಡ್ಡಿಗಿಂತ ಎತ್ತರದಲ್ಲಿ ಒತ್ತಡದ ಮುಚ್ಚಳವಿರುವ ಒಂದು ಹೆಡರ್ ಟ್ಯಾಂಕ್. ಅದರ ತಳದಿಂದ ಪಂಪಿನ ಒಳದಾರಿಗೆ 19 ಮಿ.ಮೀ. ಹೋಸ್, ಹೆಡ್ಡಿನ ಮತ್ತು ರೇಡಿಯೇಟರಿನ ಅತಿ ಎತ್ತರದ ಬಿಂದುಗಳಿಂದ ಟ್ಯಾಂಕಿಗೆ 6 ಮಿ.ಮೀ. ಗಾಳಿ ನಳಿಕೆ. ಆಗ ಗಾಳಿ ತಾನಾಗಿ ಹೊರಬೀಳುತ್ತದೆ.

ತುಂಬುವಾಗ ಎತ್ತರದ ಬಾಯಿ ಯಾವ ತುದಿಯಲ್ಲಿದೆಯೋ ಆ ತುದಿಯನ್ನು ಜಾಕ್ ಹಾಕಿ ಇನ್ನಷ್ಟು ಎತ್ತಿ, ಕೆಳಗೆ ಭದ್ರವಾದ ಸ್ಟ್ಯಾಂಡ್ ಇಡಿ. ಕೂಲಂಟನ್ನು ನಿಧಾನವಾಗಿ ಸುರಿಯುತ್ತ ಹೋಸ್‌ಗಳನ್ನು ಹಿಂಡುತ್ತಿರಿ. ಮುಚ್ಚಳ ತೆಗೆದೇ ಎಂಜಿನ್ ಐಡಲ್‌ನಲ್ಲಿ ಓಡಿಸಿ. ಮೇಲಿನ ಹೋಸ್ ತಟ್ಟನೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಎಂದು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ಹತ್ತಿ ಆರುವವರೆಗೆ ಓಡಿಸಿ, ರಾತ್ರಿಯಿಡೀ ತಣಿಯಲು ಬಿಟ್ಟು ಬೆಳಿಗ್ಗೆ ಮಟ್ಟ ನೋಡಿ. ಇಷ್ಟೆಲ್ಲ ಆದ ಮೇಲೂ ಗುಳ್ಳೆ ನಿಲ್ಲದೆ, ಎಂಜಿನ್ ತಣ್ಣಗಿರುವಾಗಲೂ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ದಾಟಿ ಹೊಗೆ ನೀರಿಗೆ ಸೇರುತ್ತಿದೆಯೇ ಎಂದು ಪರೀಕ್ಷಿಸಬೇಕು.

ಪ್ರಶ್ನೆ: ಹೋಸ್ ಕಳಚಿ ನೀರೆಲ್ಲ ಹೋದರೆ ಮೀಟರ್ ಎಚ್ಚರಿಸುತ್ತದೆಯಲ್ಲವೇ?

ಇಲ್ಲ. ಈ ಅಂಕಣದಲ್ಲಿ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ನೀರು ಹೋದ ಮೇಲೆ ಸೆಂಡರ್ ಗಾಳಿಯಲ್ಲಿ ಇರುತ್ತದೆ. ಗಾಳಿಯಿಂದ ಅದಕ್ಕೆ ಬಿಸಿ ಸರಿಯಾಗಿ ತಲುಪುವುದಿಲ್ಲ. ಹೋಸ್ ಅಡಾಪ್ಟರಿನಲ್ಲಿದ್ದರಂತೂ ಮುಳ್ಳು ಇಳಿದೇ ಹೋಗುತ್ತದೆ. ಹೆಡ್ ಸೊಟ್ಟಗಾಗುವ ಹೊತ್ತಿಗೆ ಮೀಟರ್ 70 ತೋರಿಸುತ್ತಿರಬಹುದು. ಆದ್ದರಿಂದ ಓಡಿಸುವಾಗ ಕಾರಣವಿಲ್ಲದೆ ಮುಳ್ಳು ಕೆಳಗಿಳಿದರೆ ಏರಿದಷ್ಟೇ ಗಂಭೀರವಾಗಿ ತೆಗೆದುಕೊಂಡು ಗಾಡಿ ನಿಲ್ಲಿಸಿ.

ಉಪಾಯ ಎರಡಿವೆ. ಹೆಡರ್ ಟ್ಯಾಂಕಿನಲ್ಲಿ ತೇಲುವ ಮಟ್ಟದ ಸ್ವಿಚ್ ಇಟ್ಟು ಅದೇ ಕೆಂಪು ದೀಪಕ್ಕೆ ಸೇರಿಸಿ. ತಿರುವಿನಲ್ಲಿ ನೀರು ತುಳುಕಿ ದೀಪ ಮಿನುಗದಂತೆ ಮೂರು ನಾಲ್ಕು ಸೆಕೆಂಡ್ ತಡಮಾಡುವ ಟೈಮರ್ ಬೇಕಾಗುತ್ತದೆ. ಎರಡನೆಯದು, ಹೆಡ್ಡಿನ ಲೋಹಕ್ಕೇ ಬೋಲ್ಟ್ ಮಾಡುವ ಉಂಗುರದ ಸೆನ್ಸರ್. ನೀರು ಇರಲಿ, ಹೋಗಲಿ, ಲೋಹದ ಬಿಸಿ ಅದಕ್ಕೆ ಗೊತ್ತಾಗುತ್ತದೆ. ಟ್ರ್ಯಾಕಿನಲ್ಲಿ ಓಡಿಸುವವರಿಗೆ ಎರಡೂ ಇರಲಿ ಎನ್ನುತ್ತೇವೆ.

ಪ್ರಶ್ನೆ: ಆರ್ಡುಯಿನೋ (ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡ್) ಬಳಸಿ ತಾಪ ದಾಖಲಿಸುವ ಲಾಗರ್ ಮಾಡುತ್ತಿದ್ದೇನೆ. ಬೈಕಿನದೇ ಹಳೆಯ ಸೆನ್ಸರ್ ಒಂದು ಬಿಡಿಯಾಗಿ ಇದೆ. ಸರ್ಕ್ಯೂಟ್ ಹೇಗಿರಬೇಕು?

5 ವೋಲ್ಟಿನಿಂದ 1 ಕಿಲೋ ಓಮ್, ಶೇ 1ರ ರೆಸಿಸ್ಟರ್ ಮೂಲಕ ಸೆನ್ಸರಿಗೆ, ಸೆನ್ಸರಿನಿಂದ ಅರ್ತ್. ಎರಡೂ ಸೇರುವ ಬಿಂದು ಅನಲಾಗ್ ಪಿನ್ನಿಗೆ. ಜಪಾನಿ ಸೆನ್ಸರುಗಳಲ್ಲಿ 20 ಡಿಗ್ರಿಗೆ ಸುಮಾರು 2.45 ಕಿಲೋ ಓಮ್, 80ಕ್ಕೆ 0.32, 110ಕ್ಕೆ 0.14 ಇರುವುದು ಸಾಮಾನ್ಯ. ಹಾಗಾದರೆ ಪಿನ್ನಿನಲ್ಲಿ ಕ್ರಮವಾಗಿ 3.55, 1.21, 0.61 ವೋಲ್ಟ್ ಸಿಗುತ್ತದೆ. ಬಿಸಿಯ ಕಡೆ ಬೋರ್ಡ್ ಓದುವ ಅಂಕಿಯಲ್ಲಿ ಒಂದು ಡಿಗ್ರಿಗೆ ಮೂರು ಎಣಿಕೆಯಷ್ಟು ಬದಲಾವಣೆ, ಸಾಕು. ನಿಮ್ಮ ಸೆನ್ಸರಿನ ಅಂಕಿಗಳನ್ನು ಮೇಲೆ ಹೇಳಿದ ಪಾತ್ರೆಯ ಪರೀಕ್ಷೆಯಿಂದಲೇ ತೆಗೆದು, ಕೋಷ್ಟಕವಾಗಿ ಪ್ರೋಗ್ರಾಮಿಗೆ ಕೊಡಿ.

ಸೆನ್ಸರಿನ ಅರ್ತ್ ವೈರ್ ಬೋರ್ಡಿಗೇ ವಾಪಸ್ ಬರಲಿ, ಚಾಸಿಗೆ ಬೇಡ. ಪಿನ್ನಿಗೂ ಅರ್ತಿಗೂ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇಡಿ, ಇಗ್ನಿಷನ್ ಕಾಯಿಲ್ ವೈರುಗಳಿಂದ ದೂರ ಎಳೆಯಿರಿ. ವೈರ್ ಕಡಿದರೆ ಪಿನ್ 5 ವೋಲ್ಟಿಗೆ ಏರುತ್ತದೆ, ಪ್ರೋಗ್ರಾಂ ಅದನ್ನು ಕಡುಚಳಿ ಎಂದು ಓದಿ ಸುಮ್ಮನಿರುತ್ತದೆ. 4.85ರ ಮೇಲೆ ಅಥವಾ 0.15ರ ಕೆಳಗೆ ಹೋದರೆ ತಾಪ ತೋರಿಸದೆ ದೋಷ ಎಂದೇ ತೋರಿಸಿ ಕೆಂಪು ದೀಪ ಹತ್ತಿಸಿ.

ಪ್ರಶ್ನೆ: ನಿಂತಾಗ ಸರಿ, ವೇಗದಲ್ಲಿ ಬಿಸಿ ಏರುತ್ತದೆ. ಹೀಗೂ ಉಂಟೇ?

ಉಂಟು. ನಿಂತಾಗ ಏರಿದರೆ ಫ್ಯಾನ್ ಕಡೆ ನೋಡಬೇಕು, ಓಡುವಾಗ ಏರಿದರೆ ಗಾಳಿಯ ದಾರಿ ನೋಡಬೇಕು. ಮೂತಿಯೊಳಗೆ ಬಂದ ಗಾಳಿ ರೇಡಿಯೇಟರಿನ ಸುತ್ತಲಿನ ಸಂದಿಯಿಂದ ನುಸುಳಿ ಹೋಗುತ್ತದೆ. ಅಲ್ಯೂಮಿನಿಯಂ ತಗಡು, ಫೋಮ್ ಪಟ್ಟಿಯಿಂದ ಆ ಸಂದಿಗಳನ್ನೆಲ್ಲ ಮುಚ್ಚಿ. ರೇಡಿಯೇಟರ್ ದಾಟಿದ ಗಾಳಿ ಹೊರಹೋಗಲು ಎಂಜಿನ್ ಗೂಡಿನಲ್ಲಿ ದಾರಿ ಇದೆಯೇ ಎಂಬುದನ್ನೂ ನೋಡಿ. ಪಂಪಿನ ಒಳದಾರಿಯ ಮೆದು ಹೋಸ್ ಹೆಚ್ಚು ಆರ್‌ಪಿಎಂನಲ್ಲಿ ಒಳಕ್ಕೆ ಚಪ್ಪಟೆಯಾಗುವುದೂ ಒಂದು ಕಾರಣ. ಅಲ್ಲಿ ಗಟ್ಟಿ ಹೋಸ್ ಅಥವಾ ಒಳಗೆ ಸ್ಪ್ರಿಂಗ್ ಬೇಕು.

ಪ್ರಶ್ನೆ: ನನ್ನದು ಎಷ್ಟು ಓಡಿಸಿದರೂ 60 ದಾಟುವುದಿಲ್ಲ. ಒಳ್ಳೆಯದೇ ತಾನೇ?

ಅಲ್ಲ. ಥರ್ಮೋಸ್ಟಾಟ್ ತೆಗೆದಿದ್ದಾರೆ ಅಥವಾ ಅದು ತೆರೆದೇ ಸಿಕ್ಕಿಕೊಂಡಿದೆ. ಇಸಿಯು ಪೆಟ್ರೋಲ್ ಹೆಚ್ಚು ಕೊಡುತ್ತಲೇ ಇರುತ್ತದೆ, ಅದು ಎಣ್ಣೆಗೆ ಸೇರಿ ತೆಳುವಾಗಿಸುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿ, ಆಗಲೂ ಏರದಿದ್ದರೆ ರೇಡಿಯೇಟರಿನ ಮೂರನೇ ಒಂದು ಭಾಗಕ್ಕೆ ತಗಡು ಮುಚ್ಚಿ ನೋಡಿ. 75ರಿಂದ 95ರವರೆಗೆ ಓಡಿದರೆ ಸರಿ. 105ಕ್ಕೆ ವೇಗ ಇಳಿಸಿ ಫ್ಯಾನ್ ಹಾಕಿ, 110ಕ್ಕೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಮುಚ್ಚಳವನ್ನು ಮಾತ್ರ ಹೋಸ್ ಬರಿಗೈಯಲ್ಲಿ ಹಿಡಿಯುವಷ್ಟು ತಣಿದು, ಹಿಂಡಿದರೆ ಮೆತ್ತಗಾಗುವವರೆಗೆ ತೆಗೆಯಬೇಡಿ.